ಹಾರುವ ದಿನ ನೀರು ಮುಟ್ಟದ ಮಗಳು

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು ಫೈಟರ್ ವಿಮಾನದ ತರಬೇತಿಯಲ್ಲಿದ್ದಾಳೆ. ರಜೆಗೆ ಬಂದಾಗ ಗಮನಿಸಿದೆ, ಬೆಳಗ್ಗೆ ಎದ್ದರೆ ಮಧ್ಯಾಹ್ನದವರೆಗೆ ಒಂದು ಲೋಟ ನೀರೂ ಕುಡಿಯುವುದಿಲ್ಲ. ಕೇಳಿದರೆ "ಅಭ್ಯಾಸ ಆಗೋಗಿದೆ ಅಮ್ಮಾ, ಮೇಲೆ ಹೋದ್ಮೇಲೆ ಒಂದಕ್ಕೆ ಹೋಗೋಕೆ ಆಗಲ್ಲ" ಅಂದಳು. ನಮ್ಮ ಮನೆಯವರು "ಹಳೇ ಕಾಲದಲ್ಲಿ ಎಂಟ್ಹತ್ತು ಗಂಟೆ ಹಾರ್ತಿದ್ದರು, ಎಲ್ಲ ತಡ್ಕೊಂಡೇ ಇರ್ತಿದ್ದರು, ಅವಳಿಗೂ ರೂಢಿ ಆಗುತ್ತೆ ಬಿಡು" ಅನ್ನುತ್ತಾರೆ. ಮೇಲೆ ಹೋದ ಹಾಗೆ ಮೂತ್ರಕೋಶ ಉಬ್ಬುತ್ತದೆ ಅಂತಲೂ ಎಲ್ಲೋ ಓದಿದೆ. ಹೀಗೆ ತಡೆದುಕೊಂಡು ತಡೆದುಕೊಂಡು ಕಿಡ್ನಿ ಹಾಳಾಗುತ್ತದಾ? ಡೈಪರ್ ಹಾಕಿಕೊಂಡರೆ ಸಾಕಾ? ಇದನ್ನು ಅವಳ ಹತ್ತಿರ ಮತ್ತೆ ಎತ್ತುವುದು ಹೇಗೆ ಅಂತಾನೂ ಗೊತ್ತಾಗುತ್ತಿಲ್ಲ.

ಉತ್ತರ: ಈ ಪ್ರಶ್ನೆಗೆ ಮುಜುಗರ ಬೇಡ. ವಿಮಾನ ಹಾರಿಸುವವರ ಆರೋಗ್ಯ ನೋಡುವುದೇ ನನ್ನ ಕೆಲಸ. ಬೆನ್ನುನೋವು ಅಂತಲೋ ನಿದ್ದೆ ಸರಿಯಿಲ್ಲ ಅಂತಲೋ ಬರುತ್ತಾರೆ. ಎಲ್ಲ ಮುಗಿದು ಬಾಗಿಲ ತನಕ ಹೋದವರು ತಿರುಗಿ ನಿಂತು "ಇನ್ನೊಂದು ವಿಷಯ ಕೇಳಬೇಕಿತ್ತು" ಅನ್ನುತ್ತಾರಲ್ಲ, ಆ ಇನ್ನೊಂದು ವಿಷಯ ಬಹಳ ಸಲ ಇದೇ ಆಗಿರುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಸಂಗತಿ ಇವೆ. ತಡೆದುಕೊಂಡರೆ ಕಿಡ್ನಿ ಹಾಳಾಗುತ್ತದಾ ಅಂತ ನೀವು ಕೇಳಿದ್ದೀರಿ. ಅವಳು ನೀರೇ ಕುಡಿಯುವುದಿಲ್ಲ ಅನ್ನುವುದನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಜಾಸ್ತಿ ಚಿಂತೆ ಆಗಿದ್ದು ಎರಡನೆಯದನ್ನು ಓದಿ.

ಮೊದಲು ಮನೆಯವರ ಮಾತಿಗೆ ಬರೋಣ. ಹಳೇ ಕಾಲದವರು ತಡೆದುಕೊಳ್ಳುತ್ತಿರಲಿಲ್ಲ. ಅವರಿಗೆ ಆಗುತ್ತಲೂ ಇರಲಿಲ್ಲ. ಎರಡನೇ ಮಹಾಯುದ್ಧದ ಅಮೆರಿಕದ ಬಿ-17 ಬಾಂಬರನ್ನೇ ನೋಡಿ. ಒಳಗೆ 10 ಜನ. ಇಂಗ್ಲೆಂಡಿನಿಂದ ಹೊರಟು ಜರ್ಮನಿಯ ಒಳಗಿನ ಊರುಗಳಿಗೆ ಹೋಗಿ ಬರಲು 8ರಿಂದ 10 ಗಂಟೆ. ಹಾರುತ್ತಿದ್ದದ್ದು ಸುಮಾರು 25,000 ಅಡಿ ಎತ್ತರದಲ್ಲಿ. ಈಗಿನ ಪ್ರಯಾಣಿಕರ ವಿಮಾನದ ಹಾಗೆ ಒಳಗಿನ ಒತ್ತಡ ಕಾಪಾಡುವ ವ್ಯವಸ್ಥೆ ಇರಲಿಲ್ಲ. ಮೂಗಿಗೆ ಆಮ್ಲಜನಕದ ಮಾಸ್ಕ್, ಮೈಮೇಲೆ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು, ಸುತ್ತ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ.

ಇದಕ್ಕೆ ಕೊಟ್ಟಿದ್ದ ಪರಿಹಾರದ ಹೆಸರು ರಿಲೀಫ್ ಟ್ಯೂಬ್. ಒಂದು ಲಾಳಿಕೆ, ಅದಕ್ಕೊಂದು ರಬ್ಬರ್ ಕೊಳವೆ, ಕೊಳವೆಯ ಇನ್ನೊಂದು ತುದಿ ವಿಮಾನದ ಹೊರಗೆ. ಕಾಗದದ ಮೇಲೆ ಚೆನ್ನಾಗಿತ್ತು. ಆ ಚಳಿಯಲ್ಲಿ ಮೊದಲನೆಯವನು ಬಳಸಿದ ಕೂಡಲೇ ಕೊಳವೆಯೊಳಗೆ ಮೂತ್ರ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತಿತ್ತು. ಎರಡನೆಯವನು ನೋಡದೆ ಬಳಸಿದರೆ ಅಷ್ಟೂ ಅವನ ಮೇಲೇ ವಾಪಸ್ಸು. ಅದಕ್ಕೇ ಕೆಲವರು ಖಾಲಿ ಡಬ್ಬ ಇಟ್ಟುಕೊಳ್ಳುತ್ತಿದ್ದರು, ಕೆಲವರು ತಮ್ಮ ಉಕ್ಕಿನ ಹೆಲ್ಮೆಟ್ಟನ್ನೇ ಬಳಸುತ್ತಿದ್ದರು. ಶತ್ರು ವಿಮಾನ ಬಂದ ಗಡಿಬಿಡಿಯಲ್ಲಿ ಅದೇ ಹೆಲ್ಮೆಟ್ ತಲೆಗೆ ಹಾಕಿಕೊಂಡವನ ಕಥೆಯನ್ನು ಹಳೆಯ ಸಿಬ್ಬಂದಿ ನಗುತ್ತಾ ಹೇಳುತ್ತಿದ್ದರು. ಎಷ್ಟು ನಿಜವೋ ಎಷ್ಟು ಮಸಾಲೆಯೋ.

ನಗು ಬರದ ಭಾಗವೂ ಇದೆ. ಗನ್ನರ್‌ಗಳು ತಮ್ಮ ಜಾಗ ಬಿಟ್ಟು ಏಳುವ ಹಾಗಿರಲಿಲ್ಲ. ಬೇರೆ ದಾರಿ ಕಾಣದೆ ಬಟ್ಟೆಯಲ್ಲೇ ಮಾಡಿಕೊಂಡರೆ ಒದ್ದೆ ಬಟ್ಟೆ ಮೈಗಂಟಿ ಹೆಪ್ಪುಗಟ್ಟುತ್ತಿತ್ತು. ತೊಡೆ, ಪೃಷ್ಠದ ಮಾಂಸ ಚಳಿಗೆ ಸತ್ತು ಆಸ್ಪತ್ರೆ ಸೇರಿದವರಿದ್ದಾರೆ. ಆ ಬಾಂಬರ್‌ಗಳ ಮೊದಲ ವರ್ಷದಲ್ಲಿ ಗುಂಡೇಟಿಗಿಂತ ಚಳಿ ಕಡಿತಕ್ಕೆ ಹಾರಾಟದಿಂದ ಹೊರಬಿದ್ದವರೇ ಜಾಸ್ತಿ. ಎಲ್ಲವೂ ಮೂತ್ರದಿಂದಲೇ ಆದದ್ದಲ್ಲ, ಗ್ಲೌಸ್ ತೆಗೆದ ಕೈ, ಗಾಳಿ ಬಡಿಯುವ ಕಿಟಕಿ ಎಲ್ಲವೂ ಸೇರಿವೆ. ಆದರೆ ಇದೂ ಅದರಲ್ಲಿ ಒಂದು.

ಬ್ರಿಟಿಷರ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಇನ್ನೊಂದು ಬಗೆ. ಹಿಂಭಾಗದಲ್ಲಿ ಎಲ್ಸನ್ ಅನ್ನುವ ರಾಸಾಯನಿಕ ಶೌಚದ ಡಬ್ಬ. ರಾತ್ರಿ ಕತ್ತಲು, ಕೈಯಲ್ಲಿ ಆಮ್ಲಜನಕದ ಸಣ್ಣ ಸಿಲಿಂಡರ್, ಮೈಮೇಲೆ ಮೂರು ನಾಲ್ಕು ಪದರ ಬಟ್ಟೆ. ಅಲ್ಲಿಗೆ ತಡಕಾಡಿಕೊಂಡು ಹೋಗಬೇಕು, ಅಷ್ಟರಲ್ಲಿ ಪೈಲಟ್ ವಿಮಾನ ಓಲಾಡಿಸದಿದ್ದರೆ ಪುಣ್ಯ. ಬಹಳಷ್ಟು ಜನ ಅದರ ಸಹವಾಸವೇ ಬೇಡ ಅಂತ ಬಾಟಲಿ ಇಟ್ಟುಕೊಳ್ಳುತ್ತಿದ್ದರು.

ಒಬ್ಬರೇ ಕೂರುವ ಫೈಟರ್‌ಗಳಲ್ಲಿ ಎದ್ದು ಹೋಗುವ ಮಾತೇ ಇಲ್ಲ. 1945ರಲ್ಲಿ ಐವೊ ಜಿಮಾ ದ್ವೀಪದಿಂದ ಜಪಾನಿಗೆ ಹೋಗಿ ಬರುತ್ತಿದ್ದ ಮಸ್ಟ್ಯಾಂಗ್ ಪೈಲಟ್‌ಗಳು ಏಳೆಂಟು ಗಂಟೆ ಅದೇ ಸೀಟಿನಲ್ಲಿ, ಅದೇ ಲಾಳಿಕೆಯ ಜೊತೆ. ಅಂದ ಹಾಗೆ, ಈ ಕೊಳವೆ ಕಂಡರೆ ನೆಲದ ಮೇಲಿನ ಮೆಕ್ಯಾನಿಕ್‌ಗಳಿಗೂ ಆಗುತ್ತಿರಲಿಲ್ಲ. ಮೂತ್ರದಲ್ಲಿ ಉಪ್ಪಿದೆ. ಹೊರಗೆ ಚಿಮ್ಮಿ ವಿಮಾನದ ಹೊಟ್ಟೆಯ ಮೇಲೆ ಹರಿದರೆ ಅಲ್ಯೂಮಿನಿಯಂ ತಿಂದುಹಾಕುತ್ತದೆ. ಇವತ್ತಿಗೂ ಇಂಥ ಕೊಳವೆ ಇರುವ ವಿಮಾನದಲ್ಲಿ ಅದರ ಬಾಯಿಯ ಹಿಂದಿನ ತಗಡನ್ನು ವಿಶೇಷವಾಗಿ ನೋಡುತ್ತಾರೆ.

ಇನ್ನು ಹೆಣ್ಣುಮಕ್ಕಳು. ಅಮೆರಿಕದಲ್ಲಿ ವಾಸ್ಪ್ ಅನ್ನುವ ಪಡೆಯಲ್ಲಿ ಸಾವಿರಕ್ಕೂ ಹೆಚ್ಚು ಮಹಿಳಾ ಪೈಲಟ್‌ಗಳಿದ್ದರು. ಕಾರ್ಖಾನೆಯಿಂದ ಹೊಸ ಫೈಟರ್, ಬಾಂಬರ್‌ಗಳನ್ನು ದೇಶದ ಉದ್ದಗಲಕ್ಕೆ ಹಾರಿಸಿಕೊಂಡು ಹೋಗಿ ಮುಟ್ಟಿಸುವುದು ಅವರ ಕೆಲಸಗಳಲ್ಲೊಂದು. ಲಾಳಿಕೆ ಗಂಡಸರ ಮೈಗೆ ಮಾಡಿದ್ದು, ಇವರಿಗೆ ಉಪಯೋಗಕ್ಕೆ ಬರಲಿಲ್ಲ. ಏನು ಮಾಡಿದರು ಗೊತ್ತಾ? ಹಾರುವ ಮುಂಚೆ ನೀರು ಕಾಫಿ ಬಿಟ್ಟರು. ನಿಮ್ಮ ಮಗಳು ಇವತ್ತು ಮಾಡುತ್ತಿರುವುದೂ ಅದೇ. ಎಂಬತ್ತು ವರ್ಷದ ಹಿಂದೆ ಬೇರೆ ಏನೂ ಇಲ್ಲದೆ ಹುಡುಕಿಕೊಂಡ ದಾರಿ ಇವತ್ತಿಗೂ ಹಾಗೇ ಉಳಿದುಕೊಂಡಿದೆ. ಅದಕ್ಕೆ "ರೂಢಿ ಆಗುತ್ತೆ" ಅನ್ನುವ ಹೆಸರು ಬೇರೆ.

ಈಗ ಮೂತ್ರಕೋಶ ಉಬ್ಬುವ ವಿಷಯ. ಅದು ಸುಳ್ಳು. ಎತ್ತರಕ್ಕೆ ಹೋದಂತೆ ಹಿಗ್ಗುವುದು ಗಾಳಿ, ನೀರಲ್ಲ. 18,000 ಅಡಿಯಲ್ಲಿ ಗಾಳಿಯ ಒತ್ತಡ ನೆಲದಲ್ಲಿರುವುದರ ಅರ್ಧ. ಅಲ್ಲಿ ಕರುಳಿನೊಳಗಿನ ಗಾಳಿ ಸುಮಾರು ಎರಡರಷ್ಟಾಗುತ್ತದೆ. ಫೈಟರ್ ಕಾಕ್‌ಪಿಟ್‌ನ ಒಳಗಿನ ಒತ್ತಡವನ್ನು ಪ್ರಯಾಣಿಕರ ವಿಮಾನದಷ್ಟು ಹೆಚ್ಚಾಗಿ ಇಟ್ಟಿರುವುದಿಲ್ಲ. ಹಾಗಾಗಿ ಹೊಟ್ಟೆ ಉಬ್ಬರಿಸುವುದು ನಿಜ, ಉಬ್ಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುವುದೂ ನಿಜ. ನೀವು ಓದಿದ್ದರಲ್ಲಿ ಇದೇ ಸ್ವಲ್ಪ ತಿರುಚಿಕೊಂಡಿರಬೇಕು.

ಆದರೂ ಮೇಲೆ ಹೋದಾಗ ಜಾಸ್ತಿ ಬರುತ್ತದೆ ಅನ್ನುವುದು ಭ್ರಮೆಯಲ್ಲ. ಚಳಿಯಾದಾಗ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತ ಮೈಯ ಒಳಭಾಗಕ್ಕೆ ಸೇರುತ್ತದೆ. ಒಳಗೆ ರಕ್ತ ತುಂಬಿದ್ದು ನೋಡಿ ದೇಹ "ನೀರು ಹೆಚ್ಚಾಯಿತು" ಅಂತ ತಪ್ಪು ತಿಳಿದು ಕಿಡ್ನಿಗೆ ಹೊರಹಾಕಲು ಹೇಳುತ್ತದೆ. ಚಳಿಗಾಲದಲ್ಲಿ ನಮಗೆಲ್ಲ ಆಗುವುದು ಇದೇ ಅಲ್ವಾ? ಆಮ್ಲಜನಕ ಕಡಿಮೆಯಾದರೂ ಹೀಗಾಗುತ್ತದೆ. ಮೇಲಿಂದ ಆತಂಕ. ಪರೀಕ್ಷೆ ಹಾಲ್‌ಗೆ ಹೋಗುವ ಮುಂಚೆ ಎರಡೆರಡು ಸಲ ಓಡುವ ಮಕ್ಕಳನ್ನು ನೋಡಿದ್ದೀರಲ್ಲ. ಫೈಟರ್‌ನಲ್ಲಿ ಇನ್ನೊಂದಿದೆ: ತಿರುವಿನಲ್ಲಿ ಪೈಲಟ್ ತೊಟ್ಟ ಜಿ-ಸೂಟ್ ಅನ್ನುವ ಉಡುಪು ಗಾಳಿ ತುಂಬಿಕೊಂಡು ಕಾಲು ಮತ್ತು ಹೊಟ್ಟೆಯನ್ನು ಹಿಂಡುತ್ತದೆ. ಮೂತ್ರಕೋಶ ತುಂಬಿರುವಾಗ ಆ ಹಿಂಡುವಿಕೆ ಹೇಗಿರುತ್ತದೆ ಅಂತ ಅನುಭವಿಸಿದವರನ್ನೇ ಕೇಳಬೇಕು.

ಕಿಡ್ನಿ ಪ್ರಶ್ನೆಗೆ ನೇರ ಉತ್ತರ: ಆರೋಗ್ಯವಂತರು ಯಾವಾಗಲೋ ಎರಡು ಮೂರು ಗಂಟೆ ತಡೆದುಕೊಂಡರೆ ಕಿಡ್ನಿ ಹಾಳಾಗುವುದಿಲ್ಲ. ಮೂತ್ರಕೋಶದಲ್ಲಿ 150-200 ಮಿಲಿಲೀಟರ್ ಆದಾಗ ಮೊದಲ ಸೂಚನೆ ಬರುತ್ತದೆ, 400-600 ಆಗುವ ಹೊತ್ತಿಗೆ ಕೂರಲು ಆಗುವುದಿಲ್ಲ. ಅಷ್ಟು ಜಾಗ ಇರುವುದು ತಡೆದುಕೊಳ್ಳಲೆಂದೇ. ತೊಂದರೆ ಶುರುವಾಗುವುದು ದಿನಾ ಹೀಗೇ ಮಾಡಿದರೆ. ಆಗ ಮೂತ್ರಕೋಶ ಪೂರ್ತಿ ಖಾಲಿಯಾಗುವ ಅಭ್ಯಾಸ ತಪ್ಪಬಹುದು, ಸೋಂಕು ಬರಬಹುದು. ಹೆಂಗಸರಲ್ಲಿ ಸೋಂಕು ಬೇಗ. ತುಂಬಿದ ಮೂತ್ರಕೋಶಕ್ಕೆ ಇನ್ನೂ ಒಂದು ಅಪಾಯ ಇದೆ. ಅಪಘಾತದಲ್ಲಿ ಹೊಟ್ಟೆಗೆ ಜೋರಾಗಿ ಪೆಟ್ಟು ಬಿದ್ದರೆ ಖಾಲಿ ಮೂತ್ರಕೋಶಕ್ಕಿಂತ ತುಂಬಿದ್ದು ಒಡೆಯುವುದು ಸುಲಭ.

ನೀರು ಕುಡಿಯುವುದನ್ನೇ ಬಿಡುವುದು ಇದಕ್ಕಿಂತ ಕೆಟ್ಟದ್ದು. ಅದರಿಂದ ಆಗುವ ಮೊದಲ ಹಾನಿ ಕಿಡ್ನಿಗಲ್ಲ, ತಲೆಗೆ.

ಫೈಟರ್ ಜೋರಾಗಿ ತಿರುಗಿದಾಗ ಮೈ ತೂಕ ಐದು, ಏಳು, ಕೆಲವೊಮ್ಮೆ ಒಂಬತ್ತು ಪಟ್ಟು ಆದ ಹಾಗೆ ಅನಿಸುತ್ತದೆ. ರಕ್ತಕ್ಕೂ ಅದೇ ತೂಕ. ಅದು ಕಾಲಿನ ಕಡೆ ಇಳಿಯುತ್ತದೆ. ಮೊದಲು ಕಣ್ಣಿನ ಅಂಚು ಮಸುಕಾಗುತ್ತದೆ, ಆಮೇಲೆ ಬಣ್ಣ ಹೋಗುತ್ತದೆ, ಆಮೇಲೆ ಪ್ರಜ್ಞೆ. ಅದನ್ನು ತಡೆಯಲು ಜಿ-ಸೂಟ್ ಇದೆ, ಕಾಲು ಹೊಟ್ಟೆ ಬಿಗಿಹಿಡಿದು ಉಸಿರಾಡುವ ತಂತ್ರ ಇದೆ. ಎರಡೂ ಕೆಲಸ ಮಾಡಲು ಮೈಯಲ್ಲಿ ಸಾಕಷ್ಟು ರಕ್ತ ಇರಬೇಕು. ನೀರು ಕಡಿಮೆಯಾದರೆ ರಕ್ತದ ಪ್ರಮಾಣ ಕಡಿಮೆ, ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ನಿನ್ನೆ ಆರಾಮಾಗಿ ಮಾಡಿದ ತಿರುವು ಇವತ್ತು ಕಣ್ಣು ಕತ್ತಲೆ ತರಿಸುತ್ತದೆ. ಒಂದೇ ಸೀಟಿನ ವಿಮಾನದಲ್ಲಿ ಕೆಲವು ಕ್ಷಣ ಪ್ರಜ್ಞೆ ತಪ್ಪಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಜೊತೆಗೆ ತಲೆನೋವು, ಗಮನ ಚದುರುವುದು, ತೀರ್ಮಾನ ನಿಧಾನವಾಗುವುದು. ವರ್ಷಗಟ್ಟಲೆ ಹೀಗೇ ನಡೆದರೆ ಕಿಡ್ನಿ ಕಲ್ಲು. ಪೈಲಟ್‌ಗೆ ಕಲ್ಲು ಅಂದರೆ ಬರೀ ನೋವಲ್ಲ. ಹಾರುತ್ತಿರುವಾಗ ಆ ನೋವು ಎದ್ದರೆ ವಿಮಾನ ನಡೆಸಲು ಆಗುವುದಿಲ್ಲ. ಅದಕ್ಕೇ ಕಲ್ಲು ಕಂಡರೆ ನೆಲಕ್ಕೆ ಇಳಿಸಿಬಿಡುತ್ತೇವೆ. ಕೆಲಸ ಹೋಗಬಾರದು ಅಂತ ನೀರು ಬಿಟ್ಟವರು ಅದೇ ಕಾರಣಕ್ಕೆ ಹಾರಾಟ ಕಳೆದುಕೊಂಡದ್ದನ್ನು ನೋಡಿ ನನಗೆ ಬೇಜಾರಾಗಿದೆ.

ಹಾಗಾದರೆ ದಾರಿ ಏನು? ಇವತ್ತು ಎಲ್ಲರಿಗೂ ಗೊತ್ತಿರುವುದು ಪಿಡಲ್ ಪ್ಯಾಕ್ ಅನ್ನುವ ಪ್ಲಾಸ್ಟಿಕ್ ಚೀಲ. ಒಳಗೆ ಸ್ಪಂಜೋ, ದ್ರವವನ್ನು ಅಂಟಿನಂತೆ ಮಾಡುವ ಪುಡಿಯೋ ಇರುತ್ತದೆ. ಅಗ್ಗ, ಸರಳ, ಗಂಡಸರಿಗೆ ಹೇಗೋ ನಡೆಯುತ್ತದೆ. ಹೇಗೋ ಅಂದದ್ದು ಯಾಕೆಂದರೆ, ಬೆಲ್ಟ್ ಸಡಿಲಿಸಬೇಕು, ಜಿಪ್ ತೆಗೆಯಬೇಕು, ಸೀಟಿನಲ್ಲಿ ಮೈ ಎತ್ತಬೇಕು. ಅಷ್ಟು ಹೊತ್ತು ಕೈ, ಕಣ್ಣು ಎರಡೂ ವಿಮಾನದ ಮೇಲೆ ಇರುವುದಿಲ್ಲ. 1992ರಲ್ಲಿ ಟರ್ಕಿಯ ಮೇಲೆ ಹಾರುತ್ತಿದ್ದ ಅಮೆರಿಕದ ಎಫ್-16 ಪೈಲಟ್ ಒಬ್ಬರು ಈ ಚೀಲ ಬಳಸಲು ಹೊರಟಾಗ ಬೆಲ್ಟಿನ ಬಕಲ್ ಸೀಟಿಗೂ ಪಕ್ಕದ ಕಂಟ್ರೋಲ್ ಸ್ಟಿಕ್ಕಿಗೂ ನಡುವೆ ಸಿಕ್ಕಿಕೊಂಡಿತು. ವಿಮಾನ ಹತೋಟಿ ತಪ್ಪಿತು. ಅವರು ಇಜೆಕ್ಟ್ ಮಾಡಿ, ಅಂದರೆ ಸೀಟಿನ ಸಮೇತ ಹೊರಚಿಮ್ಮಿ ಬದುಕಿದರು, ವಿಮಾನ ಉಳಿಯಲಿಲ್ಲ. ಅದಕ್ಕೇ ಈಗ ಕಲಿಸುವುದು ಹೀಗೆ: ಮೊದಲು ಸುರಕ್ಷಿತ ಎತ್ತರಕ್ಕೆ ಹೋಗು, ಜೊತೆಯ ವಿಮಾನಕ್ಕೆ ಹೇಳು, ಆಟೋಪೈಲಟ್ ಹಾಕು, ಅವಸರ ಮಾಡಬೇಡ. ತೀರಾ ತಡೆಯಲಾಗದ ಹೊತ್ತಿನವರೆಗೆ ಕಾಯಬೇಡ ಅನ್ನುವುದನ್ನು ನಾನು ಸೇರಿಸುತ್ತೇನೆ. ಕಾದವರ ಕೈ ನಡುಗುತ್ತದೆ.

ನಿಮ್ಮ ಮಗಳಿಗೆ ಈ ಚೀಲ ಕಷ್ಟ. ಡೈಪರ್ ಸಾಕಾ ಅಂದಿರಿ. ಒಂದೆರಡು ಗಂಟೆಯ ತರಬೇತಿ ಹಾರಾಟಕ್ಕೆ ಅದು ಕೆಟ್ಟ ಆಯ್ಕೆಯಲ್ಲ. ಬೆಲ್ಟ್ ಮುಟ್ಟಬೇಕಾಗಿಲ್ಲ, ಕೈ ಸ್ಟಿಕ್ಕಿನ ಮೇಲೇ ಇರುತ್ತದೆ. ಗಗನಯಾತ್ರಿಗಳೂ ಬಾಹ್ಯಾಕಾಶ ಉಡುಪಿನೊಳಗೆ ಅದನ್ನೇ ಹಾಕುತ್ತಾರೆ, ನಾಚಿಕೆ ಪಡುವುದೇನಿಲ್ಲ. ಕಷ್ಟ ಇರುವುದು ಬೇರೆ ಕಡೆ. ಬಿಗಿ ಬೆಲ್ಟು, ಜಿ-ಸೂಟ್ ಒತ್ತಿದಾಗ ತುಂಬಿದ ಡೈಪರ್ ಸೋರುತ್ತದೆ. ಉದ್ದ ಹಾರಾಟದಲ್ಲಿ ಚರ್ಮ ಕೆಂಪಾಗಿ ಉರಿಯುತ್ತದೆ. ಕುಳಿತು ಬೆಲ್ಟ್ ಬಿಗಿದುಕೊಂಡು "ಈಗ ಮಾಡು" ಅಂದರೆ ಎಷ್ಟೋ ಜನರಿಗೆ ಬರುವುದೇ ಇಲ್ಲ. ಬಾಲ್ಯದಿಂದ ಕಲಿತದ್ದನ್ನು ಮೈ ಅಷ್ಟು ಬೇಗ ಬಿಡುವುದಿಲ್ಲ. ಅದಕ್ಕೆ ನೆಲದ ಮೇಲೆ, ಮನೆಯಲ್ಲಿ, ಕುರ್ಚಿಯಲ್ಲಿ ಕುಳಿತು ಅಭ್ಯಾಸ ಮಾಡಲು ಹೇಳುತ್ತೇನೆ. ನಗುತ್ತಾರೆ. ಆಮೇಲೆ ಬಂದು ಉಪಯೋಗವಾಯಿತು ಅನ್ನುತ್ತಾರೆ.

ಮೂರನೆಯದು ಪಂಪ್ ಇರುವ ಸಾಧನ. ಸಣ್ಣ ಬ್ಯಾಟರಿ ಪಂಪ್, ಒಂದು ಕೊಳವೆ, ಸಂಗ್ರಹಕ್ಕೆ ಚೀಲ. ಗಂಡಸರಿಗೆ ಕಪ್, ಹೆಂಗಸರಿಗೆ ಒಳ ಉಡುಪಿನಲ್ಲಿ ಕೂರುವ ಪ್ಯಾಡ್. ಒದ್ದೆ ಆದ ಕೂಡಲೇ ಹೀರಿಕೊಳ್ಳುತ್ತದೆ. ಅಮೆರಿಕದ ವಾಯುಪಡೆ 2000ದ ದಶಕದಿಂದ ಇಂಥವನ್ನು ಬಳಸುತ್ತಿದೆ, 2020ರಲ್ಲಿ ಮಹಿಳೆಯರಿಗೆಂದೇ ಉತ್ತಮ ಸಾಧನ ಬೇಕು ಅಂತ ಬಹಿರಂಗವಾಗಿ ಹೊಸ ಯೋಚನೆಗಳನ್ನು ಕರೆಯಿತು. ಸರಿಯಾಗಿ ಕೂತರೆ ನನ್ನ ಪ್ರಕಾರ ಇದೇ ಒಳ್ಳೆಯದು. ಸರಿಯಾಗಿ ಕೂರುವುದೇ ಕಷ್ಟ. ಅಳತೆ ಒಂದು ಬೆರಳು ತಪ್ಪಿದರೂ ಸೋರುತ್ತದೆ. ಒಂದು ಸಲ ಸೋರಿತು ಅಂತ ಪೆಟ್ಟಿಗೆಗೆ ಹಾಕಿ ಮತ್ತೆ ತೆಗೆಯದವರು ಬಹಳ. ಎರಡು ಮೂರು ಅಳತೆ ಹಾಕಿ ನೋಡಿದ ಮೇಲೆ ತೀರ್ಮಾನ ಮಾಡಲಿ. ಉಡುಪಿನ ಜಿಪ್ ಎಲ್ಲಿಯವರೆಗೆ ತೆರೆಯುತ್ತದೆ ಅನ್ನುವುದೂ ಮುಖ್ಯ. ಹೆಂಗಸರ ಅಳತೆಯ ಉಡುಪು ಬೇಕು ಅಂತ ಕೇಳುವುದು ಸೊಕ್ಕಲ್ಲ.

ಮೈಯ ಹೊರಗಿನಿಂದ ಕೊಳವೆ ಕೂರಿಸುವುದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನದ ಪೈಲಟ್‌ಗಳ ದಾರಿ. 70,000 ಅಡಿ ಎತ್ತರ, ಹತ್ತು ಗಂಟೆಗೂ ಮೀರುವ ಹಾರಾಟ, ಗಗನಯಾತ್ರಿಯಂಥ ಉಡುಪು. ಅದು ಗಂಡಸರ ಮೈಗೇ ಹೊಂದುವ ಸಾಧನ. ಮೂತ್ರಕೋಶದ ಒಳಗೇ ಕ್ಯಾತಿಟರ್ ಅನ್ನುವ ಸಣ್ಣ ಕೊಳವೆ ಹಾಕಿಸಿಕೊಳ್ಳಲಾ ಅಂತ ಕೇಳಿದವರಿದ್ದಾರೆ. ಬೇಡ, ಸೋಂಕಿಗೆ ಬಾಗಿಲು ತೆರೆದ ಹಾಗೆ. ಮಾತ್ರೆ ನುಂಗಿ ಮೂತ್ರ ಕಡಿಮೆ ಮಾಡಿಕೊಳ್ಳುವುದೂ ಬೇಡ. ಅಂಥ ಮಾತ್ರೆ ಇದೆ ನಿಜ, ಆದರೆ ರಕ್ತದ ಸೋಡಿಯಂ ಇಳಿದು ಗೊಂದಲ, ಫಿಟ್ಸ್ ಬರಬಹುದು. ಮೂತ್ರಕೋಶ ಶಾಂತ ಮಾಡುವ ಇನ್ನೊಂದು ಬಗೆಯ ಮಾತ್ರೆಯಿಂದ ಕಣ್ಣು ಮಂಜಾಗುತ್ತದೆ. ಎರಡೂ ಕಾಕ್‌ಪಿಟ್‌ಗೆ ಸೇರಿದವಲ್ಲ.

"ಅವಳ ಹಾರಾಟ ಬರೀ ಒಂದು ಗಂಟೆದು, ಇಷ್ಟೆಲ್ಲ ಯಾಕೆ?" ಅಂತ ನಿಮ್ಮ ಮನೆಯವರು ಕೇಳಬಹುದು. 1961ರ ಮೇ 5ರಂದು ಅಮೆರಿಕದ ನೌಕಾಪಡೆಯ ಪೈಲಟ್ ಅಲನ್ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋದಾಗಲೂ ಎಲ್ಲರೂ ಹೀಗೇ ಅಂದುಕೊಂಡಿದ್ದರು. ಹಾರಾಟ ಬರೀ 15 ನಿಮಿಷ, ಮೂತ್ರದ ಏರ್ಪಾಡು ಯಾಕೆ? ಆದರೆ ಉಡಾವಣೆ ತಡವಾಯಿತು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಅವರು ಆ ಡಬ್ಬಿಯಲ್ಲಿ ಅಂಗಾತ ಮಲಗಿದ್ದರು. ಕೊನೆಗೆ ತಡೆಯಲಾಗದೆ, ಮೈಗೆ ಅಂಟಿಸಿದ್ದ ಸೆನ್ಸರ್‌ಗಳ ವಿದ್ಯುತ್ ಕಡಿತ ಮಾಡಿಸಿಕೊಂಡು ಉಡುಪಿನಲ್ಲೇ ಮುಗಿಸಿದರು. ಹಾರಾಟದ ಲೆಕ್ಕ ಚಕ್ರ ನೆಲ ಬಿಟ್ಟಾಗ ಶುರುವಾಗುವುದಿಲ್ಲ. ಉಡುಪು ಹಾಕಿ, ವಿಮಾನ ಪರೀಕ್ಷಿಸಿ, ಬೆಲ್ಟ್ ಬಿಗಿದು, ರನ್‌ವೇ ಸಿಗಲು ಕಾದು, ಇಳಿದ ಮೇಲೆ ಮತ್ತೆ ಬಿಚ್ಚುವವರೆಗೆ ಎಲ್ಲವೂ ಸೇರುತ್ತದೆ. ಒಂದು ಗಂಟೆಯ ಹಾರಾಟ ಅಂದರೆ ಮೂತ್ರಕೋಶಕ್ಕೆ ಮೂರು ಗಂಟೆ.

ನೀರಿನ ವಿಷಯದಲ್ಲಿ ನಾನು ಹೇಳುವುದು ಇಷ್ಟು. ಹಾರಾಟದ ಹಿಂದಿನ ದಿನದಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಬರಲಿ. ಬೆಳಗ್ಗೆ ಊಟ ತಿಂಡಿ ಜೊತೆ ಮಾಮೂಲಿನಂತೆ. ಹೊರಡುವ ಮುಂಚೆ ಒಂದೇ ಸಲ ಲೀಟರ್‌ಗಟ್ಟಲೆ ಕುಡಿಯುವುದು ದಡ್ಡತನ, ಅದರಲ್ಲಿ ಬಹುಪಾಲು ಒಂದೆರಡು ಗಂಟೆಯೊಳಗೆ ಕೆಳಗೆ ಬರುತ್ತದೆ. ಕಾಫಿ ಟೀ ರೂಢಿ ಇದ್ದವರಿಗೆ ಒಂದು ಲೋಟದಿಂದ ಮೈ ಒಣಗುವುದಿಲ್ಲ, ಆದರೆ ಮೂತ್ರಕೋಶವನ್ನು ಕೆರಳಿಸುತ್ತದೆ. ಉಡುಪು ಹಾಕುವ ಮುಂಚೆ ಒಂದು ಸಲ ಹೋಗಿ ಬರಲಿ. ಐದು ನಿಮಿಷ ಬಿಟ್ಟು ಮತ್ತೊಂದು ಸಲ. ಎರಡನೇ ಸಲ ಏನೂ ಇಲ್ಲ ಅನಿಸುತ್ತದೆ, ಇರುತ್ತದೆ.

ಅವಳ ಹತ್ತಿರ ಹೇಗೆ ಮಾತಾಡುವುದು ಅಂದಿರಲ್ಲ. "ನೀರು ಕುಡಿ" ಅನ್ನಬೇಡಿ, ಅದನ್ನು ಅವಳು ಸಾವಿರ ಸಲ ಕೇಳಿದ್ದಾಳೆ. ವಿಮಾನದಿಂದ ಇಳಿದ ಮೇಲೆ ಮೊದಲ ಸಲ ಹೋದಾಗ ಯಾವ ಬಣ್ಣ ಇರುತ್ತದೆ ಅಂತ ಕೇಳಿ. ಬೆಳಗಿನದಲ್ಲ, ಅದು ಎಲ್ಲರದ್ದೂ ಗಾಢವೇ. ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಹಳದಿ ಬರುತ್ತದೆ, ಅದನ್ನೂ ಬಿಡಿ. ಇಳಿದ ಮೇಲಿನದು ಒಣಹುಲ್ಲಿನ ಬಣ್ಣ ಇದ್ದರೆ ಪರವಾಗಿಲ್ಲ. ಹಾಲಿಲ್ಲದ ಚಹಾದ ಹಾಗಿದ್ದರೆ ತನ್ನ ಘಟಕದ ವೈದ್ಯರ ಹತ್ತಿರ ಹೋಗಿ ಸಾಧನ ಬೇಕು ಅಂತ ಕೇಳಲಿ. ಅವರಿಗೂ ಈ ಮಾತು ಹೊಸದಲ್ಲ, ಬಾಗಿಲ ತನಕ ಹೋಗಿ ತಿರುಗಿ ಕೇಳಿದರೂ ಸರಿ.